ಹನ್ನೆರಡನೆಯ ದೇವರಪೆಟ್ಟಿಗೆ

ಬಳ್ಳಾರಿಯ ಬಿಸಿಲು ಜಯಸಿಂಹಾಚಾರ್ಯರನ್ನು ಎಂದೂ ಅಷ್ಟಾಗಿ ಕಾಡಿರಲಿಲ್ಲ. ಕಾಡಿದ್ದು ಅವರ ಹೆಂಡತಿ ಸುಬ್ಬಲಕ್ಷ್ಮಮ್ಮನವರನ್ನು. ಏಪ್ರಿಲ್ ಬಂತೆಂದರೆ ಆಕೆಯ ಮೂಗಿನಿಂದ ರಕ್ತ ಒಸರುತ್ತಿತ್ತು. ಮೇ ತಿಂಗಳಲ್ಲಿ ಎರಡು ಬಾರಿಯಾದರೂ ಒಲೆಯ ಮುಂದೆ ತಲೆ ಸುತ್ತಿ ಬೀಳುತ್ತಿದ್ದರು. ತಂಪು ಸೀಮೆಗೆ ಹೋಗಿರಿ, ಇಲ್ಲದಿದ್ದರೆ ನನ್ನ ಔಷಧವೆಲ್ಲ ವ್ಯರ್ಥ ಎಂದು ವೈದ್ಯರು ಹೇಳಿದ ವರ್ಷವೇ ಆಚಾರ್ಯರು ಪುರಸಭೆಯ ಪ್ರೌಢಶಾಲೆಯ ಸಂಸ್ಕೃತ ಪಂಡಿತರ ಹುದ್ದೆಯಿಂದ ನಿವೃತ್ತರಾದರು. ೧೯೭೫ರ ಆಷಾಢಕ್ಕೆ ಮುನ್ನ ದಂಪತಿಗಳು ಬೆಂಗಳೂರಿನ ಹೊರಗೆ, ತುಮಕೂರು ರಸ್ತೆಯ ಮಾಕಳಿಗೆ ಬಂದು, ಬೈರಪ್ಪನೆಂಬ ರೈತನ ವಠಾರದಲ್ಲಿ ಎರಡು ಕೋಣೆ ಹಿಡಿದರು. ಬೈರಪ್ಪ ರಾಗಿಯ ಹೊಲವನ್ನು ಕಾರ್ಖಾನೆಯ ಶೆಡ್ಡಿಗೆ ಕೊಟ್ಟು, ಉಳಿದ ನೆಲದಲ್ಲಿ ಸಾಲಾಗಿ ಕೋಣೆಗಳನ್ನು ಕಟ್ಟಿಸಿದ್ದ. ಮೊದಲ ಬೇಸಿಗೆಯಲ್ಲಿ ಹೆಂಡತಿ ಮಧ್ಯಾಹ್ನದ ಹೊತ್ತಿನಲ್ಲಿ ಭುಜದ ತುಂಬ ಸೆರಗು ಹೊದ್ದು ಕುಳಿತದ್ದನ್ನು ಕಂಡು ಆಚಾರ್ಯರು ದೇವರಿಗೆ ಇನ್ನೊಮ್ಮೆ ನಮಸ್ಕಾರ ಮಾಡಿದರು.

ಬೇರೆಯವರ ಮನೆಯ ಸಾಮಾನು ಖಾಲಿ ಮಾಡಿಸುವ ಕೆಲಸ ಅವರು ಅರಸಿ ಹೋದದ್ದಲ್ಲ. ಪೀಣ್ಯದ ಸುತ್ತಣ ಬಡಾವಣೆಗಳಲ್ಲಿ ಕಾರ್ಖಾನೆಯಿಂದ ನಿವೃತ್ತರಾದ ವೃದ್ಧರು ದೊಡ್ಡ ಮನೆಯನ್ನು ಬಾಡಿಗೆಗೆ ಬಿಟ್ಟು ಹಿಂದಿನ ಎರಡು ಕೋಣೆಗೆ ಸರಿಯುವುದು, ಇಲ್ಲವೇ ಕ್ವಾರ್ಟರ್ಸ್ ತೆರವು ಮಾಡಿ ಚಿಕ್ಕ ಮನೆಗೆ ಹೋಗುವುದು ಆಗ ನಡೆದೇ ಇತ್ತು. ಅಂಥ ಒಬ್ಬರು ತಮ್ಮ ತಂದೆಯ ಹಳೆಯ ಗ್ರಂಥಗಳನ್ನು ಏನು ಮಾಡಬೇಕೆಂದು ಕೇಳಲು ಆಚಾರ್ಯರನ್ನು ಕರೆದರು. ಗ್ರಂಥಗಳು ಮುಗಿದ ಮೇಲೆ ಕಡಾಯಿ, ಕೊಪ್ಪರಿಗೆ, ತೊಟ್ಟಿಲು, ಒರಳುಗಳ ಮಾತು ಬಂತು. ಆ ಮುದುಕರು ಮೂರು ತಿಂಗಳಿನಿಂದ ಒಂದು ಚಮಚವನ್ನೂ ಬಿಡಲಾರದೆ ಕುಳಿತಿದ್ದರು. ಇದು ಬೇಕೇ ಬೇಡವೇ ಎಂದು ಆಚಾರ್ಯರು ಕೇಳಲಿಲ್ಲ. ಪ್ರತಿಯೊಂದನ್ನೂ ಎತ್ತಿ ಎದುರಿಗಿಟ್ಟು, ‘ಇದು ಯಾರಿಗೆ?’ ಎಂದಷ್ಟೇ ಕೇಳಿದರು. ಯೋಗ್ಯನ ಹೆಸರು ಬಾಯಿಗೆ ಬಂದ ಕ್ಷಣದಲ್ಲಿ ವಸ್ತು ದಾನವಾಗುತ್ತಿತ್ತು. ಕೊಟ್ಟವನಿಗೆ ಕಳೆದುಕೊಂಡೆನೆಂಬ ಭಾವವಿರುತ್ತಿರಲಿಲ್ಲ. ಸಂಜೆಯೊಳಗೆ ಆ ಮನೆ ಬರಿದಾಯಿತು. ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಅಲ್ಲಿಂದ ಮುಂದೆ ಮನೆ ಕಿರಿದು ಮಾಡುವವರೆಲ್ಲ ಮಾಕಳಿಗೆ ಹೇಳಿ ಕಳುಹಿಸತೊಡಗಿದರು.

ಎಲ್ಲ ಮನೆಗಳಲ್ಲಿಯೂ ಕೊನೆಗೆ ಒಂದು ವಸ್ತು ಉಳಿಯುತ್ತಿತ್ತು. ಅದು ದೇವರಪೆಟ್ಟಿಗೆ. ಅದರೊಳಗೆ ತಲೆಮಾರುಗಳಿಂದ ಬಂದ ಸಾಲಿಗ್ರಾಮಗಳು. ‘ಇದು ಯಾರಿಗೆ?’ ಎಂದರೆ ಯಾವ ಹೆಸರೂ ಬರುತ್ತಿರಲಿಲ್ಲ. ನಾವೇ ಇಟ್ಟುಕೊಳ್ಳಬಹುದೇ ಎಂದು ಅವರು ಅಳುಕುತ್ತ ಕೇಳುತ್ತಿದ್ದರು. ಆಗ ಆಚಾರ್ಯರು ತಾವು ಕಲಿತದ್ದನ್ನು ಕಲಿತಂತೆಯೇ ಹೇಳುತ್ತಿದ್ದರು: ಸಾಲಿಗ್ರಾಮವಿರುವ ಮನೆಯಲ್ಲಿ ಒಂದು ದಿನವೂ ಅಭಿಷೇಕ ತಪ್ಪಕೂಡದು, ಮಡಿಯ ಅಡುಗೆಯ ನೈವೇದ್ಯವಾಗದೆ ಯಾರೂ ಉಣ್ಣಕೂಡದು, ತಪ್ಪಿದರೆ ದೋಷ. ನೀರು ಸೇದಲಾರದ, ಸೊಂಟ ಬಗ್ಗಿಸಲಾರದ ಆ ಜನ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು, ಹಾಗಾದರೆ ನೀವೇ ನಡೆಸಿಕೊಂಡು ಹೋಗಿ ಎಂದು ಪೆಟ್ಟಿಗೆಯನ್ನು ಅವರ ಕೈಯಲ್ಲಿಡುತ್ತಿದ್ದರು. ದೇವರನ್ನು ಬೇಡವೆನ್ನುವುದು ಹೇಗೆ? ನಾಲ್ಕು ವರ್ಷಗಳಲ್ಲಿ ಅಂಥ ಹನ್ನೊಂದು ಪೆಟ್ಟಿಗೆಗಳು ಬೈರಪ್ಪನ ವಠಾರಕ್ಕೆ ಬಂದವು.

ಅವುಗಳನ್ನು ಒಟ್ಟುಗೂಡಿಸಿ ಒಂದೇ ಪೂಜೆ ಮಾಡಲು ಆಚಾರ್ಯರ ಮನಸ್ಸು ಒಪ್ಪಲಿಲ್ಲ. ಒಂದೊಂದು ಮನೆಯ ದೇವರಿಗೆ ಒಂದೊಂದು ರೂಢಿ. ಒಂದಕ್ಕೆ ಹುಗ್ಗಿ, ಒಂದಕ್ಕೆ ಹಾಲಿನಲ್ಲಿ ನೆನೆಸಿದ ಅವಲಕ್ಕಿ, ಒಂದಕ್ಕೆ ಮೊಸರನ್ನ. ಕೋಲಾರದ ಕಡೆಯವರ ಪೆಟ್ಟಿಗೆಗೆ ದಿನವೂ ಕಡಲೆಬೇಳೆ ಬೆಲ್ಲದ ಹಯಗ್ರೀವ. ಸುಬ್ಬಲಕ್ಷ್ಮಮ್ಮ ನಸುಕಿನಲ್ಲಿ ಎದ್ದು, ಒದ್ದೆ ಸೀರೆಯಲ್ಲಿ ಬಾವಿಯಿಂದ ಹದಿನೆಂಟು ಕೊಡ ನೀರು ತಂದು, ಐದು ಬಗೆಯ ಅಡುಗೆ ಇಳಿಸುತ್ತಿದ್ದರು. ಹನ್ನೊಂದು ಮನೆಯ ದೇವರೂ, ಅವರ ಸ್ವಂತ ಮನೆಯ ದೇವರೂ ಉಂಡು ಮುಗಿಯುವಾಗ ಕಾರ್ಖಾನೆಯ ಎರಡು ಗಂಟೆಯ ಸೈರನ್ ಕೂಗುತ್ತಿತ್ತು. ಆ ಹೊತ್ತಿಗೆ ಸಾರಿನ ಮೇಲೆ ಕೆನೆಗಟ್ಟಿರುತ್ತಿತ್ತು. ಆರಿದ ಅದನ್ನೇ ಇಬ್ಬರೂ ಉಣ್ಣುತ್ತಿದ್ದರು. ಮಾತಾಡುವಷ್ಟು ತ್ರಾಣ ಇಬ್ಬರಲ್ಲಿಯೂ ಉಳಿದಿರುತ್ತಿರಲಿಲ್ಲ.

೧೯೭೯ರ ಶ್ರಾವಣದಲ್ಲಿ ಆಕೆಗೆ ಸಕ್ಕರೆ ಕಾಯಿಲೆಯಿದೆಯೆಂದು ತಿಳಿಯಿತು. ಯಶವಂತಪುರದ ಡಾಕ್ಟರು ಮಾತ್ರೆ ಬರೆದುಕೊಟ್ಟು, ಬೆಳಿಗ್ಗೆ ಇದನ್ನು ನುಂಗಿ ಅರ್ಧ ಗಂಟೆಯೊಳಗೆ ಊಟ ಮಾಡಬೇಕು, ಮಾತ್ರೆ ನುಂಗಿ ಹಸಿದಿರುವುದು ವಿಷ ಕುಡಿದಂತೆ ಎಂದರು. ಡಾಕ್ಟರ ಮಾತಿನ ಮೊದಲರ್ಧವನ್ನು ಸುಬ್ಬಲಕ್ಷ್ಮಮ್ಮ ಪಾಲಿಸಿದರು. ಎರಡನೆಯದನ್ನು ಪಾಲಿಸಲು ನೈವೇದ್ಯವಾಗಬೇಕಾಗಿತ್ತು.

ಕೃಷ್ಣಸ್ವಾಮಿಯವರ ಕರೆ ಬಂದದ್ದು ಅದೇ ತಿಂಗಳಲ್ಲಿ. ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದ ಅವರಿಗೆ ಈಗ ಅರವತ್ತೆಂಟು. ಹೆಂಡತಿ ಅನುಸೂಯಮ್ಮನವರಿಗೆ ಎರಡು ವರ್ಷದಿಂದ ಕೈ ನಡುಕ. ಮುಂದಿನ ಮನೆಯನ್ನು ಒಂದು ಕಂಪನಿಯ ಆಫೀಸಿಗೆ ಬಿಟ್ಟು ಹಿತ್ತಲ ಕೋಣೆಗಳಿಗೆ ಹೋಗುವವರಿದ್ದರು. ಕೃಷ್ಣಸ್ವಾಮಿ ನಗೆಗಾರ. ಹತ್ತು ಜನ ಕೂರುವ ಊಟದ ಮೇಜನ್ನು ತೋರಿಸಿ, ಇದರ ಮೇಲೆ ಕಡೆಯ ಐದು ವರ್ಷ ಉಂಡದ್ದು ಇಬ್ಬರು ಮತ್ತು ಪಕ್ಕದ ಮನೆಯ ಬೆಕ್ಕು, ಬೆಕ್ಕಿನ ಹೆಸರಿಗೇ ಬರೆದುಕೊಳ್ಳಿ ಎಂದರು. ಹೀಗೆ ನಗುತ್ತಲೇ ಎರಡು ದಿನದಲ್ಲಿ ಎಲ್ಲವೂ ಒಬ್ಬೊಬ್ಬರ ಹೆಸರಿಗೆ ಹೋಯಿತು. ದೇವರಪೆಟ್ಟಿಗೆಯ ಮುಂದೆ ನಗು ನಿಂತಿತು. ಆಚಾರ್ಯರು ಎಂದಿನಂತೆ ನಿಯಮಗಳನ್ನು ಹೇಳಿದರು. ಅನುಸೂಯಮ್ಮ ನಡುಗುವ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡರು. ಅವರ ಅತ್ತೆ ಸಾಯುವ ಮುನ್ನ ಈ ಪೆಟ್ಟಿಗೆಯೊಂದನ್ನೇ ಅವರ ಮಡಿಲಿಗೆ ಹಾಕಿದ್ದರಂತೆ. ಮೂರು ದಿನ ಬಿಟ್ಟು ಬಂದು ಒಯ್ಯುವೆನೆಂದು ಮಾತು ಕೊಟ್ಟು ಆಚಾರ್ಯರು ಹೊರಟರು.

ಮನೆಗೆ ಬಂದು ಹೇಳಿದಾಗ ಸುಬ್ಬಲಕ್ಷ್ಮಮ್ಮ, ಇಡಲು ಜಾಗವೆಲ್ಲಿ ಎಂದು ಮಾತ್ರ ಕೇಳಿದರು. ಅಡುಗೆಮನೆಯ ಹಲಗೆಯ ಮೇಲೆ ಎಂದು ಆಚಾರ್ಯರೆಂದರು. ಆ ಹಲಗೆಗೆ ಒರಗಿಯೇ ಆಕೆ ಮಧ್ಯಾಹ್ನ ಸ್ವಲ್ಪ ಹೊತ್ತು ಕಾಲು ಚಾಚುತ್ತಿದ್ದುದು ಅವರಿಗೆ ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

ಪೆಟ್ಟಿಗೆಯನ್ನು ತರಬೇಕಾದ ದಿನ, ಹತ್ತು ಗಂಟೆಯ ಸುಮಾರಿಗೆ, ಆರನೆಯ ಮನೆಯ ದೇವರಿಗೆ ನೀರೆರೆಯುತ್ತಿದ್ದ ಆಚಾರ್ಯರಿಗೆ ಬಾವಿಯ ಕಡೆಯಿಂದ ಕೊಡ ಉರುಳಿದ ಸದ್ದು ಕೇಳಿಸಿತು. ಪೂಜೆಯ ನಡುವೆ ಏಳುವಂತಿರಲಿಲ್ಲ. ಒಂದು ಕ್ಷಣ ಹಾಗೆಯೇ ಕುಳಿತರು. ಆ ಒಂದು ಕ್ಷಣ ಮುಂದೆ ಬಹುಕಾಲ ಅವರನ್ನು ಬಿಡಲಿಲ್ಲ. ಎದ್ದು ಓಡಿದಾಗ ಹೆಂಡತಿ ಬಾವಿಕಟ್ಟೆಯ ಬಳಿ ಬಿದ್ದಿದ್ದರು. ಮೈಯೆಲ್ಲ ಬೆವರು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿತ್ತು. ಬೈರಪ್ಪನ ತಾಯಿ ಚಿಕ್ಕಮುನಿಯಮ್ಮ ಆಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬೆಲ್ಲ ಕದಡಿದ ನೀರನ್ನು ಬೆರಳಿನಿಂದ ತುಟಿಗೆ ಹಚ್ಚುತ್ತಿದ್ದಳು. ಆಚಾರ್ಯರು ಎರಡು ಹೆಜ್ಜೆಯಾಚೆ ತಡೆದು ನಿಂತದ್ದನ್ನು ಮುದುಕಿ ಕಂಡಳು.

“ಮಡಿ ಮೈಲಿಗೆ ಆಮೇಕೆ ನೋಡ್ಕೊಳ್ಳಿ ಅಯ್ನೋರೆ. ಇಂಗೆ ಬಂದು ಕಾಲು ಇಡ್ಕಳಿ, ಒಳೀಕೆ ಎತ್ತವ.”

ಮುಟ್ಟಿ, ಹಿಡಿದು, ಎತ್ತಿ ಒಳಗೆ ತಂದರು. ಕಾಲು ಗಂಟೆಯಲ್ಲಿ ಆಕೆಗೆ ಎಚ್ಚರವಾಯಿತು. ಬೈರಪ್ಪ ಸೈಕಲ್ ತುಳಿದು ಹೋಗಿ ಕರೆತಂದ ಕಾಂಪೌಂಡರ್, ಬೆಲ್ಲ ಕೊಡದಿದ್ದರೆ ಜೀವ ಹೋಗುತ್ತಿತ್ತು, ಇನ್ನೊಮ್ಮೆ ಹೀಗಾದರೆ ಬೆಲ್ಲಕ್ಕೂ ನಿಲ್ಲದು ಎಂದು ಹೇಳಿ ಹೋದ. ಆಚಾರ್ಯರು ಹೆಂಡತಿಯ ಪಕ್ಕದಲ್ಲಿ ಕುಳಿತರು. ಒಳಗೆ ಐದು ಮನೆಯ ದೇವರು ಒಣಗಿ, ಒಂದು ಮನೆಯ ದೇವರು ಅರ್ಧ ನೆನೆದು, ಉಳಿದವು ಪೆಟ್ಟಿಗೆಯೊಳಗೇ ಕಾದಿದ್ದವು. ಬೆಂಗಳೂರಿನ ತಂಪಿಗೆ ಕರೆತಂದು ಉಳಿಸಿಕೊಂಡ ಜೀವವನ್ನು ಹಸಿವಿನಿಂದ ಕೊಲ್ಲಲಿದ್ದೆನಲ್ಲ ಎಂದು ಅವರಿಗೆ ಅನ್ನಿಸಿತು. ನಾಳೆಯಿಂದ ಮಾತ್ರೆ ನುಂಗಿದ ಕೂಡಲೆ ಊಟ ಮಾಡು, ವೃದ್ಧರಿಗೂ ರೋಗಿಗಳಿಗೂ ಶಾಸ್ತ್ರದಲ್ಲಿಯೇ ವಿನಾಯಿತಿ ಇದೆ, ದೋಷವಿಲ್ಲ ಎಂದು ಮೆಲ್ಲಗೆ ಹೇಳಿದರು.

ಸುಬ್ಬಲಕ್ಷ್ಮಮ್ಮ ಗಂಡನ ಕಡೆಗೆ ಮುಖ ತಿರುಗಿಸಿದರು.

“ವಿನಾಯಿತಿ ಇತ್ತೇನು?” ಎಂದರು.

“ಇದೆ.”

“ಅನುಸೂಯಮ್ಮಗ ಕೈ ನಡುಗತಾವ ಅಂದ್ರಿ. ಆಕಿಗೆ ಯಾಕ ಹೇಳಲಿಲ್ಲ? ಈ ಹನ್ನೊಂದು ಮನ್ಯಾಗ ಒಬ್ಬರಾರ ಮುದುಕರಲ್ಲದವರು ಇದ್ರೇನು?”

ಆಚಾರ್ಯರು ಆ ಜನರಿಗೆ ಸುಳ್ಳು ಹೇಳಿರಲಿಲ್ಲ. ನಿಯಮವನ್ನು ಹೇಳಿ ವಿನಾಯಿತಿಯನ್ನು ಬಿಟ್ಟಿದ್ದರು. ವಿನಾಯಿತಿ ಹೇಳಿದರೆ ಜನ ಸಡಿಲವಾಗುತ್ತಾರೆಂಬ ಅಧ್ಯಾಪಕನ ಹಳೆಯ ಭಯ ಒಂದು. ಕೇಳಿದವರು ಹೆದರಿ, ತಮ್ಮ ಕಡೆಗೆ ನೋಡಿ, ನಿಮ್ಮಂಥವರಿಂದ ಮಾತ್ರ ಸಾಧ್ಯ ಎಂದಾಗ ಒಳಗೆ ಹರಡುತ್ತಿದ್ದ ಒಂದು ಸಮಾಧಾನವೂ ಅವರಿಗೆ ಈಗ ನೆನಪಾಯಿತು.

ಸುಬ್ಬಲಕ್ಷ್ಮಮ್ಮ ಕೈಯೆತ್ತಿ ಗೋಡೆಗೆ ಸಾಲಾಗಿಟ್ಟ ಪೆಟ್ಟಿಗೆಗಳತ್ತ ತೋರಿಸಿದರು. ಊರವರನ್ನೆಲ್ಲ ಗಂಡ ಕೇಳುತ್ತಿದ್ದ ಪ್ರಶ್ನೆಯನ್ನೇ, ಸಿಟ್ಟಿಲ್ಲದೆ, ದಣಿದ ದನಿಯಲ್ಲಿ ಕೇಳಿದರು.

“ಇವು ಯಾರಿಗೆ?”

ಅಂದು ಉಳಿದ ಪೂಜೆಯನ್ನು ಆಚಾರ್ಯರು ಒಂದೊಂದು ಪೆಟ್ಟಿಗೆಗೆ ಒಂದು ಉದ್ಧರಣೆ ಚಮಚ ನೀರು, ಒಂದು ತುಳಸಿದಳ, ಎಲ್ಲಕ್ಕೂ ಒಂದೇ ಅನ್ನದಲ್ಲಿ ಮುಗಿಸಿದರು. ಕೈ ಅಭ್ಯಾಸದಂತೆ ಮತ್ತೆ ಮತ್ತೆ ಅಭಿಷೇಕದ ಪಾತ್ರೆಯತ್ತ ಹೋಗುತ್ತಿತ್ತು. ಸಂಜೆ ಬಸ್ಸು ಹಿಡಿದು ಕೃಷ್ಣಸ್ವಾಮಿಯವರಲ್ಲಿಗೆ ಹೋದರು. ದಂಪತಿಗಳು ಹಿತ್ತಲ ಕೋಣೆಗೆ ಸೇರಿಯಾಗಿತ್ತು. ಪೆಟ್ಟಿಗೆಯನ್ನು ಹಳದಿ ಬಟ್ಟೆಯಲ್ಲಿ ಕಟ್ಟಿ ಬಾಗಿಲ ಬಳಿಯೇ ಇಟ್ಟಿದ್ದರು. ಅನುಸೂಯಮ್ಮ ಅದಕ್ಕೆ ಬೆನ್ನು ಹಾಕಿ ಕುಳಿತಿದ್ದರು. ಆಚಾರ್ಯರು ನಿಂತಲ್ಲಿಂದಲೇ ಹೇಳಬೇಕಾದದ್ದನ್ನು ಹೇಳಿದರು: ನಿಮ್ಮ ವಯಸ್ಸಿಗೆ ಒಂದು ಚಮಚ ನೀರು, ಒಂದು ತುಳಸಿದಳ ಸಾಕು, ಆಗದ ದಿನ ಕೈ ಮುಗಿದರೂ ಸಾಕು, ಪೆಟ್ಟಿಗೆ ಇಲ್ಲಿಯೇ ಇರಲಿ.

ಕೃಷ್ಣಸ್ವಾಮಿ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

“ಏನ್ ಆಚಾರ್ಯರೇ, ಮೂರ್ ದಿನದ ಹಿಂದೆ ಒಂದು ಶಾಸ್ತ್ರ, ಇವತ್ತೊಂದು ಶಾಸ್ತ್ರ. ನಮ್ಮ ಕಾರ್ಖಾನೇಲೂ ಮ್ಯಾನೇಜರ್ ಬದಲಾದಾಗ ಹೀಗೇ ಆಗ್ತಿತ್ತು.”

“ಶಾಸ್ತ್ರ ಬದಲಾಗಿಲ್ಲ. ನಾನು ಅರ್ಧ ಹೇಳಿದ್ದೆ.”

ಅನುಸೂಯಮ್ಮ ತಿರುಗಿ ಕುಳಿತರು. ಕೈ ನಡುಗಿ ನೀರು ಹೊರಗೆ ಚೆಲ್ಲಿದರೆ ಎಂದು ಕೇಳಿದರು.

“ಒರೆಸಿಕೊಳ್ಳಿ ತಾಯಿ. ಅದಕ್ಕೆಲ್ಲ ದೇವರು ಎದ್ದು ಹೋಗುವುದಿಲ್ಲ.”

ಅನುಸೂಯಮ್ಮ ಬಟ್ಟೆಯ ಗಂಟು ಬಿಚ್ಚಲು ತೊಡಗಿದರು. ಬೆರಳುಗಳು ತಪ್ಪುತ್ತಿದ್ದವು. ಗಂಡ ನೆರವಿಗೆ ಬಂದಾಗ ಕೈಯನ್ನು ದೂಡಿ ತಾವೇ ಬಿಚ್ಚಿದರು.

ಮರುದಿನದಿಂದ ಆಚಾರ್ಯರು ಪೆಟ್ಟಿಗೆಗಳನ್ನು ಒಂದೊಂದಾಗಿ ಹೊತ್ತು ನಡೆದರು. ತಂದಾಗ ಹಗುರವಾಗಿದ್ದ ಅವು ಈಗ ಭಾರವೆನಿಸುತ್ತಿದ್ದವು. ಪ್ರತಿ ಬಾಗಿಲಲ್ಲಿಯೂ ಅದೇ ಮಾತನ್ನು ಮೊದಲಿನಿಂದ ಹೇಳಬೇಕಾಗಿತ್ತು. ಅದೇ ತಪ್ಪನ್ನು ಮತ್ತೆ ಒಪ್ಪಬೇಕಾಗಿತ್ತು. ಏಳು ಮನೆಯವರು ತೆಗೆದುಕೊಂಡರು. ಅವರಲ್ಲಿ ಒಬ್ಬರು ಅತ್ತರು, ಒಬ್ಬರು ಬಾಗಿಲಲ್ಲಿಯೇ ಚೆನ್ನಾಗಿ ಬೈದರು. ಒಂದು ಮನೆಗೆ ಬೀಗವಿತ್ತು. ನೆರೆಯವರು, ಇಬ್ಬರೂ ತೀರಿಕೊಂಡು ವರ್ಷವಾಯಿತೆಂದರು. ಇನ್ನೆರಡು ಮನೆಯವರು ಮೈಸೂರು ಸೀಮೆಗೆ ಹೋಗಿದ್ದರು. ದಾಸರಹಳ್ಳಿಯ ಒಬ್ಬ ಮುದುಕರು ಮಾತ್ರ ಕೈ ಮುಂದೆ ಚಾಚಲಿಲ್ಲ. ಕೊಟ್ಟ ದೇವರನ್ನು ಮರಳಿ ತೆಗೆದುಕೊಂಡರೆ ಅದೂ ದೋಷವೆಂದು ನೀವೇ ಹೇಳಿದ್ದಿರಿ ಎಂದರು. ಹೇಳಿದ್ದು ನಿಜ. ಅರ್ಧ ಗಂಟೆ ಎಷ್ಟು ವಿವರಿಸಿದರೂ ಆ ಮುದುಕರ ಭಯ ಹೋಗಲಿಲ್ಲ. ತಾವು ಬಿತ್ತಿದ್ದ ಭಯ ಅಷ್ಟು ಆಳಕ್ಕೆ ಇಳಿದಿದ್ದನ್ನು ನೋಡಿ ಆಚಾರ್ಯರು ಪೆಟ್ಟಿಗೆಯನ್ನು ಮತ್ತೆ ಹೆಗಲಿಗೇರಿಸಿ, ಲಾರಿಗಳ ಧೂಳಿನಲ್ಲಿ ಬಸ್ ಸ್ಟಾಪಿನವರೆಗೆ ನಡೆದುಬಂದರು.

ಹೀಗೆ ನಾಲ್ಕು ಪೆಟ್ಟಿಗೆಗಳು ಉಳಿದವು, ತಮ್ಮದೂ ಸೇರಿ ಐದು. ಅವುಗಳ ಸಾಲಿಗ್ರಾಮಗಳನ್ನೆಲ್ಲ ಆಚಾರ್ಯರು ಒಂದೇ ತಟ್ಟೆಯಲ್ಲಿಟ್ಟರು. ಅಡುಗೆಮನೆಯ ಹಲಗೆ ತೆರವಾಯಿತು. ನೀರನ್ನು ಈಗ ಅವರೇ ಸೇದುತ್ತಿದ್ದರು. ಮೂರು ಕೊಡ ಸಾಕಾಗುತ್ತಿತ್ತು.

ಭಾದ್ರಪದದ ಒಂದು ಬೆಳಿಗ್ಗೆ, ಮೊದಲ ಶಿಫ್ಟಿನವರು ಒಳಗೆ ಹೋಗಿ ರಸ್ತೆ ಖಾಲಿಯಾದ ಹೊತ್ತಿನಲ್ಲಿ, ನೈವೇದ್ಯ ಮುಗಿಸಿ ಆಚಾರ್ಯರು ತಾವೇ ಹೆಂಡತಿಗೆ ಎಲೆ ಹಾಕಿದರು. ಗಡಿಯಾರ ಎಂಟೂವರೆ ತೋರಿಸುತ್ತಿತ್ತು. ಸುಬ್ಬಲಕ್ಷ್ಮಮ್ಮ ಮಾತ್ರೆ ನುಂಗಿ, ಅನ್ನ ಕಲಸಿ ಮೊದಲ ತುತ್ತನ್ನು ಬಾಯಿಗಿಟ್ಟು, ಬಿಸಿಗೆ ತುಟಿ ಸುಟ್ಟುಕೊಂಡು ಥಟ್ಟನೆ ಕೈ ತಡೆದರು.

“ಬಿಸಿ ಸಾರು ಉಂಡು ನಾಕು ವರ್ಷ ಆತು ನೋಡ್ರಿ,” ಎಂದರು. “ಊದಿ ಉಣ್ಣೋದೇ ಮರ್ತುಹೋಗೇದ.”

ಆಚಾರ್ಯರು ಬೀಸಣಿಗೆ ತಂದು ಪಕ್ಕದಲ್ಲಿ ಕುಳಿತು, ಎಲೆಯ ಮೇಲಿನ ಅನ್ನಕ್ಕೆ ಮೆಲ್ಲಗೆ ಗಾಳಿ ಹಾಕತೊಡಗಿದರು.