ಏಳನೇ ಕಂಬದ ಮೀನು

ಮೇಲ್ಸೇತುವೆಯ ಏಳನೇ ಕಂಬಕ್ಕೆ ತಾನು ಅಂಟಿಸಿದ್ದ ಪೋಸ್ಟರನ್ನು ಚಿಂದಿ ಆಯುವ ಹುಡುಗಿ ಸೂಜಿ ಒದ್ದೆ ಬಟ್ಟೆಯಿಂದ ನೆನೆಸಿ ಕೀಳುತ್ತಿರುವುದನ್ನು ಕಂಡು ನರ್ಸಮ್ಮನಿಗೆ ಮೈಯೆಲ್ಲ ಉರಿಯಿತು. ‘ಮುಟ್ಟಿನ ದಿನಗಳ ಲೆಕ್ಕವಿಡಿ’ ಎಂಬ ಅಕ್ಷರಗಳು ಆಗಲೇ ಅರ್ಧ ನೆಲ ಸೇರಿದ್ದವು.

“ಏನೇ ಇದು? ಅಂಟಿಸಿ ಐದು ದಿನ ಆಗಿಲ್ಲ!”

“ನಾವೆಲ್ಲ ಆಯೋಕೆ ಹೋದಾಗ ಬಂದು ಅಂಟಿಸಿಬಿಟ್ರಿ. ಊರಲ್ಲಿ ಬೇರೆ ಕಂಬ ಇರಲಿಲ್ವಾ ಅಕ್ಕಾ? ಸರ್ಕಾರಿ ಕಾಗದ ಹರಿದ್ರೆ ಪೊಲೀಸ್ ಹಿಡೀತಾನೆ ಅಂತ ಈ ಹುಡುಗೀರೆಲ್ಲ ಬಾಯಿ ಮುಚ್ಕೊಂಡು ಕೂತಿದ್ರು. ನನಗೆ ತಡೆಯೋಕಾಗಲಿಲ್ಲ.”

ಕೊನೆಯ ತುಂಡು ಕಳಚಿತು. ನರ್ಸಮ್ಮ ಬಗ್ಗಿ ನೋಡಿದಳು.

ಸಿಮೆಂಟಿನ ಮೇಲೆ ಮೊಳೆಯಿಂದ ಕೊರೆದ ಪುಟ್ಟ ಚಿತ್ರಗಳು, ಸಾಲು ಸಾಲಾಗಿ. ಎಲೆ, ಬೀಗದಕೈ, ಛತ್ರಿ, ಮೀನು. ಹುಡುಗಿಗೊಂದು ಗುರುತು, ಮುಟ್ಟಾದಷ್ಟು ದಿನ, ದಿನಕ್ಕೊಂದು ಚಿತ್ರ. ಹುಣ್ಣಿಮೆಗೊಂದು ಅಡ್ಡಗೆರೆ. ಆಕೆ ಬೆರಳಿಟ್ಟು ಗೆರೆಗಳನ್ನು ಎಣಿಸಿದಳು: ಇಪ್ಪತ್ತಾರು. ಎರಡು ವರ್ಷಕ್ಕೂ ಹೆಚ್ಚು, ಒಂದು ತಿಂಗಳೂ ಬಿಟ್ಟುಹೋಗಿರಲಿಲ್ಲ. ಅವಳ ಚೀಲದಲ್ಲಿ ಈ ಸೇತುವೆಯ ಕೆಳಗೆ ಬದುಕುವ ಇದೇ ಹನ್ನೊಂದು ಹುಡುಗಿಯರ ಸಮೀಕ್ಷೆಯಿತ್ತು. ದಿನಗಳ ಗುರುತು ಇಡುತ್ತೀರಾ ಎಂದಾಗ ಎಲ್ಲರೂ ಇಲ್ಲ ಎಂದಿದ್ದರು. ‘ಅರಿವಿನ ಕೊರತೆ’ ಎಂದು ತನ್ನ ಕೈಯಾರೆ ಬರೆದಿದ್ದಳು.

“ನನಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ತೋರಿಸು ಅಂತಿದ್ರಿ. ತೋರಿಸಿದ್ರೆ ಕಂಬ ಕೆಡಿಸಿದ್ದಕ್ಕೆ ಬೈತಿದ್ರಿ. ಎಂಟು ದಿನ ದಾಟಿದವಳನ್ನ ನಿಮ್ಮ ಹತ್ರ ಕರ್ಕೊಂಡು ಬರೋದು ನಮ್ಮ ಕಾನೂನು. ಹೋದ ವರ್ಷ ಎಲೆ ಗುರುತಿನವಳು ತಾನಾಗೇ ಬಂದ್ಲು ಅಂದ್ಕೊಂಡ್ರಾ?” ಸೂಜಿಯ ಬೆರಳು ಕೊನೆಯ ಸಾಲಿನ ಮೇಲೆ ತಟ್ಟನೆ ನಿಂತಿತು. “ಮೀನು ಏಳು ಇದೆ. ಆಮೇಲೆ ನಿಮ್ಮ ಕಾಗದ ಬಂತು. ನಿಂತಿದೆ ಅಂದಿದ್ಲು ಕಳ್ಳಿ…”

ಮೀನು, ಹದಿಮೂರರ ಹುಡುಗಿ, ಗೋಣಿಚೀಲದ ಮೇಲೆ ಮುದುಡಿ ಮಲಗಿದ್ದಳು. ನರ್ಸಮ್ಮ ಅವಳ ಕೆಳರೆಪ್ಪೆ ಎಳೆದು ನೋಡಿದಳು: ಒಳಗೆ ಕೆಂಪೇ ಇಲ್ಲ, ಸುಣ್ಣದ ಬಿಳುಪು.

“ನಿಂತಿಲ್ಲ ಅಲ್ವಾ ಮಗಾ?”

ಹುಡುಗಿ ನಿಂತಿಲ್ಲ ಎಂದು ತಲೆಯಾಡಿಸಿದಳು. “ಆಸ್ಪತ್ರೆಗೆ ಬರಲ್ಲ. ಚೀಟಿ ಕಿಟಕಿಯವನು ಗಂಡಸರ ಸಾಲಿನ ಮುಂದೆನೇ ಏನಾಗಿದೆ, ಜೋರಾಗಿ ಹೇಳು ಅಂತಾನೆ. ಅಪ್ಪ ಯಾರು ಅಂತಾನೆ. ಸತ್ರೂ ಬರಲ್ಲ.”

ಯಾಕೆ ಆಸ್ಪತ್ರೆಗೆ ಬರುವುದಿಲ್ಲ ಎಂಬ ಪ್ರಶ್ನೆಗೆ ಸಮೀಕ್ಷೆಯಲ್ಲಿ ದೂರ, ಖರ್ಚು, ಅಜ್ಞಾನ ಎಂಬ ಉತ್ತರಗಳಿದ್ದವು. ಕಿಟಕಿ ಇರಲಿಲ್ಲ.

“ಕಿಟಕಿ ಕಡೆ ಹೋಗೋದೇ ಬೇಡ. ಹಿಂದೆ ಬಟ್ಟೆ ಒಗೆಯೋ ಕೋಣೆಗೆ ಬಾಗಿಲಿದೆ, ಅದರಿಂದ ಹೋಗೋಣ. ಚೀಟಿ ನಾನು ತರ್ತೀನಿ.”

“ಯಾರೂ ಕೇಳಲ್ವಾ?”

“ಕೇಳಿದ್ರೆ ನನ್ನ ಮಗಳು ಅಂತೀನಿ.”

“ಇಷ್ಟು ಕೊಳಕು ಮಗಳಾ?” ಎಂದಳು ಸೂಜಿ. ಮೀನಿಗೆ ನಗು ಬಂತು. ನಗುತ್ತಲೇ ಎದ್ದು ನಿಂತಳು.

ಎಷ್ಟು ದಿನದಿಂದ ಎಂದು ಡಾಕ್ಟರಮ್ಮ ಕೇಳಿದಾಗ ಸೂಜಿಯೇ ಉತ್ತರಿಸಿದಳು: “ಇವತ್ತಿಗೆ ಹನ್ನೆರಡು. ಹೋದ ಸಲ ಆರು, ಅದರ ಹಿಂದೆ ಐದು. ಶುರುವಾಗಿದ್ದು ಹುಣ್ಣಿಮೆ ಕಳೆದ ಮೂರನೇ ದಿನ.”

ಡಾಕ್ಟರಮ್ಮನ ಪೆನ್ನು ನಿಂತಿತು. “ಓದಿದವರೂ ಇಷ್ಟು ಸರಿಯಾಗಿ ಹೇಳಲ್ಲ,” ಎಂದು ನರ್ಸಮ್ಮನ ಕಡೆ ತಿರುಗಿದರು. “ನೀವು ಕಲಿಸಿದ್ದಾ?”

“ಇಲ್ಲ ಮೇಡಂ. ನಾನು ಅದನ್ನ ಮುಚ್ಚಿಟ್ಟಿದ್ದೆ.”

ಸಂಜೆಯ ಹೊತ್ತಿಗೆ ಮೀನಿನ ತೋಳಿಗೆ ರಕ್ತ ಹನಿಹನಿಯಾಗಿ ಇಳಿಯುತ್ತಿತ್ತು. ಗಂಡಾಂತರ ಕಳೆಯಿತು ಎಂದರು ಡಾಕ್ಟರಮ್ಮ.

“ಇವತ್ತಿನದು ಗೀಚಿಲ್ಲ,” ಎಂದು ಹುಡುಗಿ ಚಡಪಡಿಸಿದಳು.

ಮರುದಿನ ಬೆಳಿಗ್ಗೆ ನರ್ಸಮ್ಮ ಕಂಬದ ಮುಂದೆ ಕುಕ್ಕರುಗಾಲಲ್ಲಿ ಕೂತು, ತಪ್ಪಿಹೋದ ದಿನಗಳ ಮೀನುಗಳನ್ನು ಒಂದೊಂದಾಗಿ ಕೊರೆಯತೊಡಗಿದಳು.

“ಬಾಲ ಯಾವ ಕಡೆ?”

“ಬಲಕ್ಕೆ,” ಎಂದಳು ಸೂಜಿ. “ಮೆಲ್ಲಗೆ ಅಕ್ಕಾ. ಪಕ್ಕದಲ್ಲಿ ಛತ್ರಿ ಇದೆ.”