ದರ್ಜಿ ಒಡೆಸಿದ ನಡುಗೋಡೆ

ಹಳೇ ಪೇಟೆಯ ಮನೆಗಳು ಭೂಕಂಪವನ್ನು ಎಷ್ಟರಮಟ್ಟಿಗೆ ತಾಳಿಕೊಂಡಾವು ಎಂದು ನೋಡುವ ಕೆಲಸಕ್ಕೆ ನಗರಸಭೆಯವರು ಎಂಜಿನಿಯರ್ ಸೊಸೆಯನ್ನು ನೇಮಿಸಿದಾಗಿನಿಂದ ದರ್ಜಿ ಮಾವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅಂಗಿಯ ಅಳತೆ ಕೊಡಲು ಬಂದವರನ್ನು ಎರಡೂ ಕೈ ಎತ್ತಿಸಿ ನಿಲ್ಲಿಸಿಕೊಂಡು, "ನಮ್ಮ ಸೊಸೆ ಗೋಡೆ ಮುಟ್ಟಿದ್ರೆ ಸಾಕು, ಮನೆಯ ನಾಡಿ ಸಿಕ್ಕಿಬಿಡುತ್ತೆ" ಎಂದು ಕೊಚ್ಚಿಕೊಳ್ಳುತ್ತಿದ್ದರು. ಕೈ ಎತ್ತಿದವರು ಓಡಿಹೋಗುವಂತಿಲ್ಲ, ಕೇಳಿಸಿಕೊಳ್ಳಲೇಬೇಕು.

ಸೊಸೆ ಓಣಿಯ ಒಂದು ತುದಿಯಿಂದ ಶುರುಮಾಡಿದಳು. ಬಿರುಕಿಗೆ ಟಾರ್ಚ್ ಹಾಕಿ, ತೊಲೆಯ ತುದಿ ಕೆರೆದು, ಗಟ್ಟಿಯಿದ್ದ ಮನೆಯ ಬಾಗಿಲಿಗೆ ಹಸಿರು ಚೀಟಿ, ರಿಪೇರಿ ಬೇಕಿದ್ದರೆ ಹಳದಿ, ಅಪಾಯವಿದ್ದರೆ ಕೆಂಪು ಅಂಟಿಸುತ್ತ ಬಂದಳು. ಅಕ್ಕಪಕ್ಕದ ಮನೆಗಳ ನಡುವೆ ಒತ್ತಿ ನಿಂತ ಮಾವನ ಮೂರಂತಸ್ತಿನ ಮನೆಯ ಸರದಿ ಬಂದಾಗ, ತನ್ನವರದೇ ಮನೆ, ಪಕ್ಷಪಾತ ಎನ್ನಬಾರದೆಂದು ಹಿರಿಯ ಅಧಿಕಾರಿಯನ್ನೂ ಜೊತೆಗೆ ಕರೆತಂದಳು. ಮಾವ ಹೊಸ ಅಂಗಿ ಹಾಕಿಕೊಂಡು ಕಾದಿದ್ದರು.

ಮುಂದೆ ಹೊಲಿಗೆ ಅಂಗಡಿ, ಹಿಂದೆ ಅತ್ತೆ ಕೂತು ಗುಂಡಿ ಹಾಕುವ ಕೋಣೆ. ನಡುವೆ ಆ ಗೋಡೆಯಿಂದ ಈ ಗೋಡೆಯವರೆಗೆ ಖಾಲಿ ಜಾಗ.

"ಇಲ್ಲಿ ಗೋಡೆ ಇತ್ತಲ್ವಾ ಮಾವ?"

"ಇತ್ತು. ಗಾಳಿ ಬರ್ತಿರಲಿಲ್ಲ ಅಂತ ತೆಗೆಸಿದೆ."

"ಮೇಲಿನ ಎರಡು ಮಹಡಿಯ ಭಾರ ಅದರ ಮೇಲೇ ಇತ್ತು."

"ತೆಗೆಸಿ ಯಾವ ಕಾಲ ಆಯ್ತು, ಮನೆ ಬಿತ್ತಾ?"

"ಸುಮ್ನೆ ನಿಂತಿರೋಕೇನೋ ಸಾಲುತ್ತೆ. ನೆಲ ಅಲುಗಿದ್ರೆ ಓಣಿಯಲ್ಲಿ ಮೊದಲು ಕುಸಿಯೋದು ಇದೇ. ಪಕ್ಕದ ಮನೆಗಳನ್ನೂ ಎಳ್ಕೊಂಡು ಕುಸಿಯುತ್ತೆ."

ಅಧಿಕಾರಿ ಹೌದೆಂದು ತಲೆಯಾಡಿಸಿದರು. ಸೊಸೆ ಹೋಗಿ ಬಾಗಿಲಿಗೆ ಕೆಂಪು ಚೀಟಿ ಅಂಟಿಸಿದಳು.

ಅಂದಿನಿಂದ ಮಾವನ ಮಾತು ಬಂದ್. ಹೇಳುವುದೇನಿದ್ದರೂ ಅತ್ತೆಯ ಮೂಲಕ. "ನಿನ್ನ ಸೊಸೆಗೆ ಉಪ್ಪು ಬೇಕಾ ಕೇಳು" ಎಂದು ಪಕ್ಕದಲ್ಲೇ ಕೂತವಳ ವಿಷಯ ವಿಚಾರಿಸುತ್ತಿದ್ದರು. ಬಸ್ ಓಡಿಸುವ ಮಗ ಅಪ್ಪ, ಹೆಂಡತಿಯ ನಡುವೆ ಸಿಕ್ಕಿಕೊಳ್ಳುವುದು ಬೇಡವೆಂದು ತಟ್ಟೆಯಿಂದ ತಲೆಯೆತ್ತುತ್ತಿರಲಿಲ್ಲ.

ಒಂದು ಸಂಜೆ ಸೊಸೆ ಗುಂಡಿ ಪೋಣಿಸಿಕೊಡುತ್ತಿದ್ದಾಗ ಅತ್ತೆ ತಾವಾಗಿಯೇ ಬಾಯಿಬಿಟ್ಟರು. "ಗಾಳಿಯೂ ಇಲ್ಲ, ಗೀಳಿಯೂ ಇಲ್ಲ ಕಣೇ. ನಿನ್ನ ಗಂಡ ಹುಟ್ಟಿದ ಮೇಲೆ ನಾನು ಕಾಯಿಲೆ ಬಿದ್ದು ಈ ಕೋಣೆಯಲ್ಲೇ ಮಲಗಿದ್ದೆ. ಇವರು ಬಟ್ಟೆಗೆ ಕತ್ತರಿ ಹಾಕಿ ಅರ್ಧಕ್ಕೇ ಬಿಟ್ಟು ಬಂದು ನನ್ನನ್ನ ನೋಡ್ಕೊಂಡು ಹೋಗೋರು. ಯಾರದೋ ಕೋಟಿಗೆ ಎರಡೂ ಎಡತೋಳೇ ಹೊಲಿದಿಟ್ರು. ಆಮೇಲೆ ಗಾರೆಯವನನ್ನ ಕರ್ಕೊಂಡು ಬಂದು ಗೋಡೆಯನ್ನೇ ಒಡೆಸಿಬಿಟ್ರು."

ಸೊಸೆಗೆ ನಗು ಬಂತು. ಗೋಡೆ ಮತ್ತೆ ಕಟ್ಟಬೇಕು ಎಂದಾಗಲೆಲ್ಲ ಮಾವ ಎದ್ದು ಹೋಗುತ್ತಿದ್ದದ್ದು ಯಾಕೆಂದು ಈಗ ತಿಳಿಯಿತು.

ಮಾರನೇ ಬೆಳಿಗ್ಗೆ ಅವಳು ಅತ್ತೆಯನ್ನು ಅವರ ಜಾಗದಲ್ಲಿ ಕೂರಿಸಿದಳು. "ಮಾವ, ಬಟ್ಟೆ ಕತ್ತರಿಸುವಾಗ ಎಲ್ಲಿ ನಿಲ್ತೀರಿ?"

ಮಾತುಬಿಟ್ಟಿದ್ದು ಮರೆತು ಮಾವ, "ಇಲ್ಲೇ" ಅಂದರು.

ಅವರ ಕೈಗೆ ನೂಲಿನ ತುದಿ ಕೊಟ್ಟು, ಇನ್ನೊಂದು ತುದಿಯನ್ನು ಅತ್ತೆಯ ಕೈಗಿತ್ತಳು. ನೂಲು ಹಾದ ದಾರಿಯ ಎರಡೂ ಬದಿಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿದಳು. "ಇಲ್ಲೊಂದು, ಅಲ್ಲೊಂದು ಉಕ್ಕಿನ ಕಂಬ, ಮೇಲೊಂದು ತೊಲೆ. ಕಂಬದಿಂದ ಆಚೆಗೆ ಗೋಡೆ. ನಡುವೆ ತೆರೆದೇ ಇರುತ್ತೆ. ಅತ್ತೆ ಕಾಣ್ತಾರೆ."

ಮಾವ ಕುತ್ತಿಗೆಯ ಟೇಪು ತೆಗೆದು ಬಗ್ಗಿ ಅಳೆದರು. "ಇನ್ನೊಂದು ಗೇಣು ಬಿಡೋಕಾಗುತ್ತಾ?"

"ಅರ್ಧ ಗೇಣು. ಅದಕ್ಕಿಂತ ಹೆಚ್ಚು ಕೇಳ್ಬೇಡಿ."

"ನನ್ನ ಮುಖಕ್ಕೆ ಚೌಕಾಸಿ ಮಾಡ್ತಿದ್ದಾರೆ ನೋಡು" ಅಂದರು ಅತ್ತೆ. ಹಾಗೆನ್ನುವಾಗ ಅವರ ಮುಖ ಕೆಂಪಾಗಿತ್ತು.

ಕೆಲಸ ಮುಗಿಯುವವರೆಗೆ ಹೊಲಿಗೆ ಯಂತ್ರ ಮೊದಲ ಮಹಡಿಗೆ ಹೋಯಿತು. ಗಿರಾಕಿಗಳು ಏದುಸಿರು ಬಿಡುತ್ತ ಹತ್ತಿ ಬರುತ್ತಿದ್ದರು. ಏದುಸಿರಿಗೆ ಉಬ್ಬಿದ್ದಾಗ ಎದೆಯ ಅಳತೆ ತೆಗೆದದ್ದರಿಂದ ಒಂದಿಬ್ಬರ ಅಂಗಿಗಳು ದೊಗಳೆಯಾದವು. ಅಟ್ಟದಲ್ಲಿ ಪೇರಿಸಿದ್ದ ಬಟ್ಟೆಯ ಗಂಟುಗಳೂ ಭಾರವೆಂದು ಕೆಳಗಿಳಿದವು. ಕಂಬಗಳು ನಿಂತ ಮೇಲೆ ಅಧಿಕಾರಿ ಮತ್ತೆ ಬಂದು ನೋಡಿ ಹಳದಿ ಚೀಟಿ ಕೊಟ್ಟರು.

"ಹಸಿರು ಯಾಕಲ್ಲ?" ಮಾವ ಸೊಸೆಯನ್ನೇ ನೇರ ಕೇಳಿದರು.

"ಗೋಡೆಗಳೆಲ್ಲ ಮಣ್ಣಿನ ಗಾರೆಯವು ಮಾವ. ಮೇಲಿನ ತೊಲೆಗಳನ್ನೂ ಗೋಡೆಗೆ ಬಿಗಿಯಬೇಕು. ಅದು ಮುಂದಿನ ಕೆಲಸ."

"ಮತ್ತೆ ಪಕ್ಕದ ಬೇಕರಿಯವನದ್ದು?"

"ಅವರು ನನಗೆ ಬಾಗಿಲೇ ತೆಗೀತಿಲ್ಲ."

ಆ ವಾರ ಮಾವ ಸಂಜೆ ಸಂಜೆ ಬೇಕರಿಯಲ್ಲಿ ಕೂತು ಅವನ ತಲೆ ತಿಂದರು. ಭಾನುವಾರ ಸೊಸೆ ಕೂದಲು ಒಣಗಿಸಿಕೊಳ್ಳುತ್ತಿದ್ದಾಗ ಅವಳು ಕೆಲಸಕ್ಕೆ ಹಾಕಿಕೊಳ್ಳುವ ಹೆಲ್ಮೆಟ್ ಒರೆಸಿ ಹಿಡಿದುಕೊಂಡು ಎದುರಿಗೆ ನಿಂತರು.

"ಹೊರಡು. ಒಪ್ಪಿದ್ದಾನೆ."

"ಇವತ್ತು ರಜ ಮಾವ."

"ನಾಳೆ ಮನಸ್ಸು ಬದಲಾಯಿಸ್ತಾನೆ. ಒಲೆ ಜಾಗ ಮಾಡೋಕೆ ಅವನೂ ಏನೋ ಒಡೆಸಿದ್ದಾನಂತೆ. ಬೈಬೇಡ ಪಾಪ, ಹೆದರಿದ್ದಾನೆ."

ಸೊಸೆ ಒದ್ದೆ ಕೂದಲನ್ನೇ ಗಂಟು ಹಾಕಿಕೊಂಡು ಹೆಲ್ಮೆಟ್ಟಿಗೆ ಕೈ ಚಾಚಿದಳು. ಮಾವ ಕೊಡಲಿಲ್ಲ, ಬೇಕರಿಯ ಬಾಗಿಲವರೆಗೂ ತಾವೇ ಹಿಡಿದುಕೊಂಡು ನಡೆದರು.