ಒಂದು ಡಬ್ಲ್ಯೂ, ಒಂದು ಸೋ

ಲಿಫ್ಟ್ ರಿಪೇರಿಯವನಿಗೆ ಇಪ್ಪತ್ತೆರಡು ವರ್ಷದ ಅನುಭವ. ಮೋಟರಿನ ಕೋಣೆಯಲ್ಲಿ ನಿಂತು ಅರ್ಧ ನಿಮಿಷ ಕಿವಿಗೊಟ್ಟರೆ ಸಾಕು, ಎಲ್ಲಿ ಎಣ್ಣೆ ಆರಿದೆ, ಎಲ್ಲಿ ಬೋಲ್ಟು ಸಡಿಲವಾಗಿದೆ ಎಂದು ಹೇಳಿಬಿಡುತ್ತಿದ್ದ. ಬರವಣಿಗೆ ಮಾತ್ರ ಅಷ್ಟಕ್ಕಷ್ಟೆ. ಹೇಳಬೇಕಾದ್ದನ್ನು ಎದುರಿಗೆ ನಿಂತು ಹೇಳುವುದು, ಕೇಳದಿದ್ದರೆ ದನಿ ಏರಿಸುವುದು ಅವನ ಪದ್ಧತಿ. ಹೀಗಿರುವಾಗ ಕಂಪನಿ ಹೊಸ ನಿಯಮ ತಂದಿತು: ಇನ್ನು ಮುಂದೆ ಪ್ರತಿ ಲಿಫ್ಟಿನ ದಾಖಲೆ ಪುಸ್ತಕವನ್ನೂ ಇಂಗ್ಲಿಷಿನಲ್ಲೇ ಬರೆಯಬೇಕು.

ಗ್ರಂಥಾಲಯದ ಮಹಡಿಯಲ್ಲಿ ವಾರಕ್ಕೆ ಮೂರು ಸಂಜೆ ದೊಡ್ಡವರಿಗೆ ಇಂಗ್ಲಿಷ್ ತರಗತಿ ನಡೆಯುತ್ತಿತ್ತು. ಅವನು ಹೆಸರು ಬರೆಸಿ ಬಂದ. ಮರುದಿನವೇ ಅವನ ಅತ್ತೆ, ಅಂದರೆ ಹೆಂಡತಿಯ ತಾಯಿ, ತಾನೂ ಹೋಗಿ ಬರೆಸಿದಳು. ನಲವತ್ತು ವರ್ಷ ಬಟ್ಟೆ ಹೊಲಿದ ಕೈ ಅವಳದು. ಮಗಳ ಮನೆಯಲ್ಲೇ ವಾಸ.

"ಈ ವಯಸ್ಸಲ್ಲಿ ನಿಮಗ್ಯಾಕತ್ತೆ ಇದೆಲ್ಲ?" ಎಂದು ಅವನು ಕೇಳಿದ.

"ಹೊಲಿಗೆ ಮಷಿನ್ ಜೊತೆ ಬಂದ ಪುಸ್ತಕ ಹನ್ನೆರಡು ವರ್ಷದಿಂದ ಹಾಗೇ ಬಿದ್ದಿದೆ ಅಳಿಯಂದ್ರೇ. ಒಳಗೇನಿದೆ ಅಂತ ನೋಡ್ಬೇಡ್ವಾ?"

ಪಾಠ ಹೇಳುವವಳು ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತಳಾದವಳು. ಒಂದು ಕಾಮಾ ತಪ್ಪಿದರೂ ಕೆಂಪು ಪೆನ್ನು ಹೊರಬರುತ್ತಿತ್ತು. ಬೆನ್ನ ಹಿಂದೆ ಎಲ್ಲರೂ ಅವಳನ್ನು ಕಾಮಾ ಟೀಚರ್ ಎನ್ನುತ್ತಿದ್ದರು. ಎರಡು ತಿಂಗಳಲ್ಲಿ ಅತ್ತೆ ಮುಂದೆ ಹೋದಳು, ಅಳಿಯ ಹಿಂದೆ ಬಿದ್ದ. ಕಾಗುಣಿತವಿಲ್ಲದ ಆ ಭಾಷೆಯ ಸ್ಪೆಲ್ಲಿಂಗ್ ಅವನಿಗೆ ಕಬ್ಬಿಣದ ಕಡಲೆ. ನಾಟ್, ನೌ, ಹೌ, ಹೂ, ಇಂಥ ಚಿಳ್ಳೆಪಿಳ್ಳೆ ಪದಗಳೇ ಕಾಲಿಗೆ ತೊಡರುತ್ತಿದ್ದವು. ವಾಕ್ಯ ಜೋಡಿಸುವ ಪದಗಳು ಮಾತ್ರ ಸಲೀಸಾಗಿ ತಲೆಗೆ ಹತ್ತಿದವು. ಬಿಕಾಸ್ ಎಂದರೆ ಯಾಕೆಂದರೆ, ಬಟ್ ಎಂದರೆ ಆದರೆ, ಸೋ ಎಂದರೆ ಆದ್ದರಿಂದ. ಯಂತ್ರ ಬಿಚ್ಚಿ ಜೋಡಿಸುವವನಿಗೆ ಯಾವುದರಿಂದ ಯಾವುದು ಎಂಬುದನ್ನು ಕಲಿಸಬೇಕೆ?

ಒಂದು ಮಧ್ಯಾಹ್ನ ಎಂಟು ಮಹಡಿಯ ಕಟ್ಟಡವೊಂದರ ಲಿಫ್ಟು ತಪಾಸಣೆ ಮಾಡುವಾಗ ಬ್ರೇಕಿನ ಪಟ್ಟಿ ತೀರ ಸವೆದಿದ್ದು ಕಂಡಿತು. ಲಿಫ್ಟು ಬಂದ್ ಮಾಡಿಸುವ ಅಧಿಕಾರ ಕಟ್ಟಡದ ಮ್ಯಾನೇಜರನದು. ಅವನು ಊಟಕ್ಕೆ ಹೋಗಿದ್ದ. ಮೊದಲಾಗಿದ್ದರೆ ರಿಪೇರಿಯವನು ಬಾಗಿಲಲ್ಲೇ ಕಾದು ನಿಂತು ಕೂಗಾಡಿ ಬರುತ್ತಿದ್ದ. ಅವತ್ತು ದಾಖಲೆ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಮೂರು ಸಾಲು ಬರೆದ. ಪಟ್ಟಿ ಸವೆದಿದೆ, ಲಿಫ್ಟು ಸೇಫ್ ಅಲ್ಲ, ಆದ್ದರಿಂದ ನಿಲ್ಲಿಸಿ. ಕಾಮಾಗಳನ್ನು ಎಣಿಸಿ ನೋಡಿದ, ಸರಿಯಿದ್ದವು. ಪುಸ್ತಕವನ್ನು ಮ್ಯಾನೇಜರನ ಮೇಜಿನ ಮೇಲಿಟ್ಟು ಹೆಮ್ಮೆಯಿಂದಲೇ ಹೊರಟ.

ನಾಲ್ಕನೇ ದಿನ ಲಿಫ್ಟು ನಿಲ್ಲಬೇಕಾದಲ್ಲಿ ನಿಲ್ಲದೆ ಅರ್ಧ ಮಹಡಿ ಜಾರಿತು. ಒಳಗಿದ್ದ, ಅದೇ ಕಟ್ಟಡದ ಕನ್ನಡಕದ ಅಂಗಡಿಯ ಹೆಂಗಸು ಬಿದ್ದು ಮಣಿಕಟ್ಟು ಮುರಿದುಕೊಂಡಳು.

ಸುದ್ದಿ ತಿಳಿದು ಓಡಿಹೋದವನಿಗೆ ಮ್ಯಾನೇಜರ್ ಪುಸ್ತಕ ತೆರೆದು ತೋರಿಸಿದ. "ನೀವೇ ಬರೆದಿದ್ದೀರಲ್ಲ, ಲಿಫ್ಟ್ ಈಗ ಸೇಫ್ ಅಂತ!"

ಅವನು ನೋಡಿದ. ನಾಟ್ ಎಂದು ಬರೆಯಹೋಗಿ ನೌ ಎಂದು ಬರೆದಿದ್ದ. ಟೀ ಇರಬೇಕಾದಲ್ಲಿ ಡಬ್ಲ್ಯೂ. 'ಅಲ್ಲ' ಹೋಗಿ 'ಈಗ' ಬಂದು ಕೂತಿತ್ತು.

ಪುಟದ ಫೋಟೊ ತೆಗೆದುಕೊಂಡು ಮನೆಗೆ ಬಂದ. ತಟ್ಟೆಯ ಮುಂದೆ ಕೂತು ಅದನ್ನೇ ನೋಡುತ್ತಿದ್ದ. ಅತ್ತೆ ಫೋನು ಇಸಕೊಂಡು ಬೆರಳಿಟ್ಟು ಓದಿದಳು.

"ಇದೇನು, ಸೇಫ್ ಆಗಿದ್ರೆ ಮುಂದೆ 'ಸೋ, ಸ್ಟಾಪ್' ಅಂತ ಯಾಕಿದೆ? ಚೆನ್ನಾಗಿದೆ, ಆದ್ದರಿಂದ ನಿಲ್ಲಿಸಿ ಅಂತ ಯಾರಾದ್ರೂ ಬರೀತಾರಾ?"

"ನಿಲ್ಲಿಸಿ ಅನ್ನೋದನ್ನ ಅವನು ಓದೇ ಇಲ್ಲ."

"ಓದಿಲ್ಲ. ನೀವೂ ಹೇಳಿಲ್ಲ," ಎಂದಳು ಅತ್ತೆ. ಅವನು ತಟ್ಟೆ ಸರಿಸಿ ಎದ್ದ.

ವಿಚಾರಣೆ ನಡೆಸಿದ ಅಧಿಕಾರಿ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಕ್ಷರ ಕೊಂಚ ಕಲೆಸಿಹೋಗಿತ್ತು. "ಇದು ಟೀನಾ, ಡಬ್ಲ್ಯೂನಾ?"

ಟೀ ಎಂದಿದ್ದರೆ ನಡೆದುಹೋಗುತ್ತಿತ್ತೇನೋ. ಮ್ಯಾನೇಜರ್ ಅವನನ್ನೇ ನೋಡುತ್ತಿದ್ದ.

"ಡಬ್ಲ್ಯೂ, ಮೇಡಂ. ನಾನೇ ತಪ್ಪು ಬರೆದದ್ದು. ಆದ್ರೆ ಪಕ್ಕದಲ್ಲಿ 'ಸೋ' ಇದೆ, ನೋಡಿ. ಆಮೇಲೆ ನಿಲ್ಲಿಸಿ ಅಂತಲೂ ಇದೆ."

ಅಧಿಕಾರಿ ಮೂರನೆಯ ಸಾಲನ್ನು ಗಟ್ಟಿಯಾಗಿ ಓದಿ ಮ್ಯಾನೇಜರನ ಕಡೆ ತಿರುಗಿದಳು. "ಒಂದಕ್ಕೊಂದು ಹೊಂದದೆ ಇದ್ದಾಗ ಫೋನ್ ಮಾಡಿ ಕೇಳ್ಬೇಕು ಅನ್ನಿಸಲಿಲ್ವಾ?"

"ಸೇಫ್ ಅನ್ನೋತನಕ ಓದಿದೆ, ಮೇಡಂ," ಎಂದ ಮ್ಯಾನೇಜರ್.

ಇಬ್ಬರಿಗೂ ಎಚ್ಚರಿಕೆಯ ಪತ್ರ ಬಂತು. ಕಟ್ಟಡದ ಉಸ್ತುವಾರಿ ಮ್ಯಾನೇಜರನ ಕೈತಪ್ಪಿ ಬೇರೊಬ್ಬರ ಪಾಲಾಯಿತು. ರಿಪೇರಿಯವನ ಬಡ್ತಿ ಒಂದು ವರ್ಷ ಮುಂದಕ್ಕೆ ಹೋಯಿತು. ಅವನು ದೂರಲಿಲ್ಲ. ಅಂದಿನಿಂದ ಪುಸ್ತಕದಲ್ಲಿ ಬರೆಯುವುದನ್ನೂ ಬಿಡಲಿಲ್ಲ, ಬರೆದದ್ದನ್ನು ಎದುರಿಗೆ ಹೋಗಿ ಹೇಳುವುದನ್ನೂ ಬಿಡಲಿಲ್ಲ.

ಒಂದು ಬೆಳಿಗ್ಗೆ ಕನ್ನಡಕದ ಅಂಗಡಿಗೆ ಹೋದ. ಹೆಂಗಸಿನ ಬಲಗೈ ಇನ್ನೂ ಪ್ಲಾಸ್ಟರಿನಲ್ಲಿತ್ತು. ಆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದ.

ಅವಳು ಪ್ಲಾಸ್ಟರಿನ ಕೈ ಎತ್ತಿ ತೋರಿಸಿದಳು. "ನನ್ನ ಕೈಗೆ ಅಕ್ಷರ ಯಾವುದಾದ್ರೇನು," ಎಂದಳು. ಆಮೇಲೆ ಮೇಜಿನ ಮೇಲಿದ್ದ ಕನ್ನಡಕದ ಚೌಕಟ್ಟನ್ನು ಅವನತ್ತ ತಳ್ಳಿದಳು. "ಬಂದಿದ್ದೀರಲ್ಲ, ಇದರ ತಿರುಪು ಬಿಗಿ ಮಾಡಿ. ಎಡಗೈಲಿ ಆಗ್ತಿಲ್ಲ."

ಅವನು ಕೂತು ಬಿಗಿ ಮಾಡಿದ. ಅಲ್ಲಿ ಇನ್ನೂ ಆರು ಚೌಕಟ್ಟುಗಳಿದ್ದವು. ಎರಡನೆಯದನ್ನು ಕೈಗೆತ್ತಿಕೊಂಡ.